ಶ್ರದ್ಧೆ, ಆಚಾರ, ಅಂಗೀಕಾರ: ‘ಮತಾಂತರ’ ಎಂಬ ಶಬ್ದದ ಒಂದು ವಿಮರ್ಶೆ

ಪ್ರಾಚೀನ ಪಾರಸೀಕ ದೇಶದ ಇತಿಹಾಸವನ್ನು ಪಾಠ ಹೇಳುತ್ತಿದ್ದಾಗ ಒಮ್ಮೆ ಬೈಂದೂರಿನ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. ಜರತುಷ್ಟ್ರನ ಉಪದೇಶವು ತನ್ನ ಮನಸ್ಸಿಗೆ ಹಿಡಿಸಿದೆ. ಒಳ್ಳೆಯ ಆಲೋಚನೆ, ಒಳ್ಳೆಯ ಮಾತು, ಒಳ್ಳೆಯ ಕಾರ್ಯ ಎಂಬ ಮೂರರಲ್ಲಿ ಧರ್ಮದ ಸಾರವನ್ನಿಟ್ಟ ಆ ಮತವನ್ನು ತನ್ನಂಥವನೊಬ್ಬನು ಸ್ವೀಕರಿಸಬಹುದೇ? ಸ್ವೀಕರಿಸಿದಲ್ಲಿ ಮನೆಯ ನಾಗನಿಗೆ ತನು ಎರೆಯುವುದನ್ನೂ ಹಿರಿಯರು ನಂಬಿಕೊಂಡು ಬಂದ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಪೂಜೆಯನ್ನೂ ಬಿಟ್ಟುಬಿಡಬೇಕಾಗುವುದೇ? ಇದು ಅವನ ಪ್ರಶ್ನೆ. ‘ಆ ಮತಕ್ಕೆ ಹೊರಗಿನವರು ಸೇರುವಂತಿಲ್ಲ, ಸೇರಿದರೂ ಎರಡು ದೋಣಿಗಳಲ್ಲಿ ಕಾಲಿಡುವಂತಿಲ್ಲ’ ಎಂದು ನಾನು ಉತ್ತರ ಕೊಟ್ಟೆನು. ತರಗತಿಯವರು ನಕ್ಕರು, ಅವನು ಸುಮ್ಮನೆ ಕುಳಿತನು.

ಅನಂತರ ಆ ವಿಷಯವನ್ನು ಕುರಿತು ಓದುತ್ತ ಹೋದ ಹಾಗೆ ನನ್ನ ಉತ್ತರದಲ್ಲಿ ಎರಡು ದೋಷಗಳಿದ್ದುವೆಂಬುದು ಸ್ಪಷ್ಟವಾಯಿತು. ಒಂದು, ನ್ಯಾಯಾಲಯವೊಂದು ಆಸ್ತಿಯ ವಿಚಾರದಲ್ಲಿ ಹೇಳಿದ ಮಾತನ್ನು ನಾನು ಧರ್ಮದ ಮಾತೆಂದು ತಿಳಿದಿದ್ದೆನು. ಎರಡು, ಎರಡು ದೋಣಿಗಳ ಗಾದೆಯನ್ನು ಹೇಳುವ ಮೊದಲು ನಮ್ಮ ಬ್ರಹ್ಮಾವರದ ಇತಿಹಾಸವನ್ನು ನಾನು ನೆನೆಯಲಿಲ್ಲ. ಈ ದೋಷಗಳಿಗೆ ಮೂಲವು ‘ಮತಾಂತರ’ ಎಂಬ ಶಬ್ದವನ್ನು ನಾವು ಬಳಸುವ ರೀತಿಯಲ್ಲಿಯೇ ಇದೆ. ನಮ್ಮ ಪಠ್ಯಪುಸ್ತಕಗಳು ಈ ಶಬ್ದವನ್ನು ಒಂದೇ ಗಳಿಗೆಯಲ್ಲಿ ಮುಗಿದುಹೋಗುವ ಒಂದೇ ಕ್ರಿಯೆಯೆಂಬಂತೆ ಪ್ರಯೋಗಿಸುತ್ತವೆ. ವಸ್ತುತಃ ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ: ವ್ಯಕ್ತಿಯು ಮನಸ್ಸಿನಲ್ಲಿ ಏನನ್ನು ನಂಬುತ್ತಾನೆಂಬುದು, ಅಂದರೆ ಶ್ರದ್ಧೆ, ದಿನದಿನವೂ ಪರ್ವದಿನಗಳಲ್ಲಿಯೂ ಏನನ್ನು ಮಾಡುತ್ತಾನೆಂಬುದು, ಅಂದರೆ ಆಚಾರ, ಯಾರು ಅವನನ್ನು ತಮ್ಮವನೆಂದು ಎಣಿಸುತ್ತಾರೆ, ಯಾರ ಆಜ್ಞೆಗೆ ಅವನು ಒಳಪಡುತ್ತಾನೆಂಬುದು, ಅಂದರೆ ಅಂಗೀಕಾರ. ಈ ಮೂರೂ ಒಟ್ಟಿಗೆ ಬದಲಾಗುವುದು ಇತಿಹಾಸದಲ್ಲಿ ವಿರಳ. ಇದನ್ನು ಮೊದಲು ಪಾರ್ಸಿಗಳ ಉದಾಹರಣೆಯಿಂದಲೂ ಆಮೇಲೆ ನಮ್ಮ ನೆಲದ ಉದಾಹರಣೆಯಿಂದಲೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜರತುಷ್ಟ್ರನ ವಚನಗಳೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ 17 ಗಾಥೆಗಳಲ್ಲಿ ಪ್ರತಿಯೊಬ್ಬ ಮನುಷ್ಯನೂ ತಾನೇ ಕೇಳಿ, ತಾನೇ ವಿವೇಚಿಸಿ, ಸತ್ಯ ಮತ್ತು ಅಸತ್ಯಗಳ ನಡುವೆ ಆಯ್ಕೆ ಮಾಡಿಕೊಳ್ಳಬೇಕೆಂಬ ಭಾವವು ಪ್ರಧಾನವಾಗಿದೆ. ಹುಟ್ಟಿನಿಂದಲೇ ಧರ್ಮವು ನಿರ್ಣಯವಾಗುವುದೆಂಬ ಮಾತಿಗೆ ಅಲ್ಲಿ ಆಧಾರವಿಲ್ಲ. ಆದರೆ ಅದೇ ಅವೆಸ್ತಾ ವಾಙ್ಮಯದ ಯಸ್ನ ಭಾಗದ 12ನೆಯ ಅಧ್ಯಾಯದಲ್ಲಿರುವ ಶ್ರದ್ಧಾಪ್ರತಿಜ್ಞೆಯಲ್ಲಿ ಮಜ್ದಾನ ಆರಾಧಕನು ‘ದಏವ’ರನ್ನು ತ್ಯಜಿಸುವುದಾಗಿ ಹೇಳಬೇಕು. ಈ ‘ದಏವ’ ಶಬ್ದವೂ ನಮ್ಮ ‘ದೇವ’ ಶಬ್ದವೂ ಒಂದೇ ಮೂಲದವು. ನಮ್ಮ ಕರಾವಳಿಯ ‘ದೈವ’ವು ಆ ‘ದೇವ’ದಿಂದ ಬಂದುದು. ಒಂದೇ ಶಬ್ದವು ಸಿಂಧುವಿನ ಈಚೆಗೆ ಪೂಜ್ಯವೂ ಆಚೆಗೆ ತ್ಯಾಜ್ಯವೂ ಆದುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ. ಆದುದರಿಂದ ನಮ್ಮ ವಿದ್ಯಾರ್ಥಿಯ ಪ್ರಶ್ನೆ ಹಗುರವಾದುದಲ್ಲ. ಶಬ್ದವು ಒಂದಾದ ಮಾತ್ರಕ್ಕೆ ಕುಂದಾಪುರದ ಹಾಯ್ಗುಳಿಯೂ ಅವೆಸ್ತಾದ ದಏವನೂ ಒಂದೇ ಎಂದು ಹೇಳಲಾಗದು. ಆದರೆ ಮಜ್ದಾನಿಗೆ ಸಲ್ಲುವ ಆರಾಧನೆಯನ್ನು ಬೇರೊಂದು ಶಕ್ತಿಯೊಡನೆ ಹಂಚಿಕೊಳ್ಳಬಹುದೇ ಎಂಬ ಶ್ರದ್ಧೆಯ ತೊಡಕು ಅಲ್ಲಿ ನಿಜವಾಗಿಯೂ ಇದೆ. ಅದನ್ನು ಮರೆಮಾಚಿ ಎಲ್ಲವೂ ಒಂದೇ ಎಂದುಬಿಡುವುದು ಪ್ರಾಮಾಣಿಕವಾದ ಉತ್ತರವಾಗದು.

ಆಚಾರದ ಮುಖವು ಇನ್ನೊಂದು. ನವಜೋತ್ ಎಂಬ ಸಂಸ್ಕಾರದಲ್ಲಿ ಸುದ್ರೆಯೆಂಬ ಬಿಳಿಯ ಒಳಅಂಗಿಯನ್ನು ತೊಡಿಸಿ, ಕುರಿಯ ಉಣ್ಣೆಯ 72 ಎಳೆಗಳಿಂದ ನೇಯ್ದ ಕುಸ್ತಿಯೆಂಬ ದಾರವನ್ನು ಸೊಂಟಕ್ಕೆ ಮೂರು ಸುತ್ತು ಕಟ್ಟುತ್ತಾರೆ. ಇಲ್ಲಿಯ ಕುಸ್ತಿ ಎಂಬುದು ಮಲ್ಲಯುದ್ಧವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದಿನಕ್ಕೆ ಹಲವು ಬಾರಿ ಅದನ್ನು ಬಿಚ್ಚಿ ಪ್ರಾರ್ಥನಾಪೂರ್ವಕವಾಗಿ ಮತ್ತೆ ಕಟ್ಟಿಕೊಳ್ಳುವುದೇ ಆ ಮತದವರ ನಿತ್ಯಕರ್ಮ.

ಮೂರನೆಯದಾದ ಅಂಗೀಕಾರದ ಪ್ರಶ್ನೆ ಮುಂಬಯಿಯಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿತು. ರತನ್‌ಜಿ ದಾದಾಭಾಯಿ ಟಾಟಾ ಅವರು ಸುಜಾನ್ ಬ್ರಿಯೇರ್ ಎಂಬ ಫ್ರೆಂಚ್ ಮಹಿಳೆಯನ್ನು ವಿವಾಹವಾದರು. ಮುಂದೆ ಪ್ರಸಿದ್ಧರಾದ ಜೆ. ಆರ್. ಡಿ. ಟಾಟಾ ಅವರು ಈ ದಂಪತಿಗಳ ಮಗ. ಆಕೆಗೆ ದಸ್ತೂರರೊಬ್ಬರು ನವಜೋತ್ ಸಂಸ್ಕಾರವನ್ನು ನೆರವೇರಿಸಿದರು. ಹಾಗಾದರೆ ಅಗ್ಯಾರಿಗಳ ಪ್ರವೇಶಕ್ಕೂ ಮೌನಗೋಪುರಗಳ ಅಂತ್ಯಕ್ರಿಯೆಗೂ ಪಂಚಾಯತಿಯ ನಿಧಿಗಳಿಗೂ ಆಕೆಯಂಥವರು ಹಕ್ಕುದಾರರೇ? ಈ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ದಾವರ್ ಮತ್ತು ಬೀಮನ್ ಅವರು 1908ರಲ್ಲಿ ತೀರ್ಪಿತ್ತರು. ಜರತುಷ್ಟ್ರನ ಧರ್ಮವು ತತ್ತ್ವತಃ ಹೊರಗಿನವರನ್ನು ಸೇರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಭಾರತಕ್ಕೆ ವಲಸೆ ಬಂದ ಪಾರ್ಸಿಗಳಲ್ಲಿ ಅಂಥ ರೂಢಿ ಬೆಳೆದುಬಂದಿಲ್ಲ. ದತ್ತಿಗಳು ಪಾರ್ಸಿ ಸಮುದಾಯಕ್ಕಾಗಿ ಏರ್ಪಟ್ಟವಾದುದರಿಂದ ಮತವನ್ನು ಸ್ವೀಕರಿಸಿದ ಮಾತ್ರಕ್ಕೆ ಹೊರಗಿನವರು ಅವುಗಳ ಫಲಾನುಭವಿಗಳಾಗುವುದಿಲ್ಲ. ಇದು ಆ ತೀರ್ಪಿನ ತಿರುಳು.

ಈ ತೀರ್ಪಿನ ಗುಣದೋಷಗಳೆರಡನ್ನೂ ಇಲ್ಲಿ ಹೇಳಬೇಕು. ಮತಕ್ಕೂ ಸಮುದಾಯಕ್ಕೂ ಇರುವ ಭೇದವನ್ನು ಅದು ತೋರಿಸಿಕೊಟ್ಟಿತು. ಇದು ಅದರ ಗುಣ. ಆದರೆ ಪಾರ್ಸಿ ಯಾರೆಂಬುದನ್ನು ವಿವರಿಸುವಾಗ ಪಾರ್ಸಿ ತಂದೆಗೆ ಅನ್ಯಜಾತಿಯ ತಾಯಿಯಲ್ಲಿ ಹುಟ್ಟಿ ವಿಧಿವತ್ತಾಗಿ ಸೇರಿಸಿಕೊಳ್ಳಲ್ಪಟ್ಟ ಮಕ್ಕಳಿಗೆ ಸ್ಥಾನವನ್ನಿತ್ತು, ಪಾರ್ಸಿ ತಾಯಿಗೆ ಅನ್ಯಜಾತಿಯ ತಂದೆಯಿಂದ ಹುಟ್ಟಿದವರಿಗೆ ಅದೇ ಸ್ಥಾನವನ್ನು ಕೊಡಲಿಲ್ಲ. ಈ ಭೇದಕ್ಕೆ ಗಾಥೆಗಳಲ್ಲಿ ಆಧಾರವಿಲ್ಲ. ಅದು ಕಾಲದ ಮತ್ತು ಸಮಾಜದ ರೂಢಿ. 1925ರಲ್ಲಿ ರಂಗೂನಿನ ಒಂದು ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದೇ ದಾರಿಯನ್ನು ಹಿಡಿಯಿತು. ಪಾರ್ಸಿ ಮನೆಯಲ್ಲಿ ಬೆಳೆದು ನವಜೋತ್ ಪಡೆದಿದ್ದ, ಗೋವೆಯ ಕ್ರೈಸ್ತ ತಂದೆಯ ಮಗಳೆಂದು ಹೇಳಲಾದ ಹುಡುಗಿಯೊಬ್ಬಳಿಗೆ ಅಲ್ಲಿಯ ಅಗ್ನಿಮಂದಿರವನ್ನು ಪ್ರವೇಶಿಸುವ ಹಕ್ಕು ಇಲ್ಲವೆಂದಾಯಿತು. ಆ ಹುಡುಗಿಯಲ್ಲಿ ಶ್ರದ್ಧೆಗೆ ಕೊರತೆಯಿತ್ತೆಂದಾಗಲಿ, ಆಚಾರದಲ್ಲಿ ಲೋಪವಿತ್ತೆಂದಾಗಲಿ ಅಲ್ಲ. ಇಲ್ಲದೆ ಹೋದುದು ಅಂಗೀಕಾರವೊಂದೇ. ಭಾರತದ ಪಾರ್ಸಿಗಳ ಸಂಖ್ಯೆ 2001ರ ಜನಗಣತಿಯಲ್ಲಿ 69,601 ಇದ್ದುದು 2011ರಲ್ಲಿ 57,264ಕ್ಕೆ ಇಳಿದಿರುವಾಗ ಬಾಗಿಲು ತೆರೆಯಬೇಕೇ ಬೇಡವೇ ಎಂಬ ಚರ್ಚೆ ಅವರಲ್ಲಿಯೇ ನಡೆಯುತ್ತ ಬಂದಿರುವುದು ಸಹಜವೇ ಆಗಿದೆ.

ಇಲ್ಲಿಗೆ ನನ್ನ ಮೊದಲನೆಯ ದೋಷವು ಸ್ಪಷ್ಟವಾಯಿತು. ಎರಡನೆಯ ದೋಷದ ವಿಚಾರಕ್ಕೆ ಬ್ರಹ್ಮಾವರಕ್ಕೆ ಬರಬೇಕು. ಒಂದು ಆಜ್ಞಾಧಿಕಾರವನ್ನು ಬಿಟ್ಟು ಇನ್ನೊಂದಕ್ಕೆ ಹೋದವರು ಹಳೆಯ ಆಚಾರವನ್ನು ಜೊತೆಯಲ್ಲಿಯೇ ಕೊಂಡೊಯ್ದ ಪ್ರಸಂಗವೊಂದು ಅಲ್ಲಿ ನಡೆದಿದೆ. ಅದು ಒಂದು ಮತದಿಂದ ಇನ್ನೊಂದು ಮತಕ್ಕಲ್ಲ, ಕ್ರೈಸ್ತ ಮತದ ಒಂದು ಸಭೆಯಿಂದ ಇನ್ನೊಂದು ಸಭೆಗೆ ನಡೆದ ಸಂಕ್ರಮಣವೆಂಬುದು ನಿಜ. ಆದರೂ ಪ್ರಕೃತ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ನಿದರ್ಶನವು ನಮ್ಮ ಕಡೆಯಲ್ಲಿ ದೊರೆಯುವುದು ಕಷ್ಟ.

ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಸ್ಥಾಪನೆ 1570ರದೆಂದು ಹೇಳುತ್ತಾರೆ. ಅಂದಿನಿಂದ ಈ ಕರಾವಳಿಯ ಕೊಂಕಣಿ ಕ್ಯಾಥೋಲಿಕರ ಧಾರ್ಮಿಕ ಜೀವನವು ಗೋವೆಯೊಡನೆ ಬೆಸೆದುಕೊಂಡಿತ್ತು. ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋರ್ಚುಗಲ್ಲಿನ ರಾಜನಿಗಿದ್ದ ಪೋಷಕಾಧಿಕಾರಕ್ಕೆ ಪದ್ರೊವಾದೊ ಎಂದು ಹೆಸರು. ರೋಮಿನ ಪ್ರೊಪಗಾಂಡ ಸಭೆಯು ನೇರವಾಗಿ ಧರ್ಮಾಧಿಕಾರಿಗಳನ್ನು ಕಳುಹಿಸತೊಡಗಿದ ಮೇಲೆ ಈ ಎರಡು ಅಧಿಕಾರಗಳ ನಡುವೆ ದೀರ್ಘಕಾಲದ ತಿಕ್ಕಾಟ ನಡೆಯಿತು. 1878ರ ಡಿಸೆಂಬರ್ 31ರಂದು ಇಟಲಿಯ ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ಪದ್ರೊವಾದೊದ ವ್ಯಾಪ್ತಿಯು ಕುಗ್ಗಿತು. ಅದೇ ವರ್ಷ ಭಾರತದಲ್ಲಿ ಕ್ಯಾಥೋಲಿಕ್ ಧರ್ಮಪ್ರಾಂತಗಳ ಹೊಸ ವ್ಯವಸ್ಥೆಯು ಏರ್ಪಟ್ಟಿತು. ದೂರದಲ್ಲಿ ಆದ ಈ ನಿರ್ಣಯಗಳಿಂದ ಹಳ್ಳಿಯ ಭಕ್ತನ ಪ್ರಾರ್ಥನೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದುದು ಅವನು ಯಾರ ಅಧೀನನೆಂಬುದು.

ಈ ಸನ್ನಿವೇಶದಲ್ಲಿ ಗೋವೆಯ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸ್ ಎಂಬ ಪಾದ್ರಿಯು ರೋಮಿನ ಸಂಬಂಧವನ್ನು ಕಡಿದುಕೊಂಡರು. ಅವರು ಪತ್ರಿಕೋದ್ಯಮಿಯೂ ಆಗಿದ್ದು ಅಧಿಕಾರಸ್ಥರನ್ನು ಎದುರಿಸಿ ಬರೆದವರು. 1889ರ ಜುಲೈಯಲ್ಲಿ ಕೋಟ್ಟಯಂನಲ್ಲಿ ಮಲಂಕರದ ಸುರಿಯಾನಿ ಧರ್ಮಾಧ್ಯಕ್ಷರು ಅಂತಿಯೋಕ್ಯದ ಪಿತೃಪ್ರಧಾನರ ಸಮ್ಮತಿಯಿಂದ ಅವರಿಗೆ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಗೋವೆ, ಸಿಂಹಳ ಮತ್ತು ಭಾರತದ ಧರ್ಮಾಧ್ಯಕ್ಷ ಪದವಿಯನ್ನಿತ್ತರು. ಬ್ರಹ್ಮಾವರದಲ್ಲಿ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಅವರ ನೇತೃತ್ವದಲ್ಲಿ ಅನೇಕ ಕೊಂಕಣಿ ಕ್ರೈಸ್ತ ಕುಟುಂಬಗಳು ಈ ಹೊಸ ಸಭೆಯನ್ನು ಸೇರಿದುವು. ಮಾರ್ ಜೂಲಿಯಸ್ ಅವರು 1923ರ ಸೆಪ್ಟೆಂಬರ್ 23ರಂದು ಗೋವೆಯ ರಿಬಂದರಿನಲ್ಲಿ ತೀರಿಕೊಂಡರು. ನೊರೊನ್ಹಾ ಅವರು 1936ರವರೆಗೆ ಜೀವಿಸಿದ್ದರು. ಆ ಸಮುದಾಯವು ಇಂದಿಗೂ ಬ್ರಹ್ಮಾವರದಲ್ಲಿದೆ. ಮಲಂಕರ ಆರ್ಥೊಡಾಕ್ಸ್ ಸಭೆಯು 2010ರಲ್ಲಿ ಬ್ರಹ್ಮಾವರವನ್ನು ಪ್ರತ್ಯೇಕ ಧರ್ಮಪ್ರಾಂತವನ್ನಾಗಿ ಮಾಡಿತು.

ಇಲ್ಲಿ ಬದಲಾದುದು ಯಾವುದು, ಉಳಿದುದು ಯಾವುದು ಎಂಬುದನ್ನು ವಿಂಗಡಿಸಿ ನೋಡಬೇಕು. ಅಂಗೀಕಾರವು ಸಂಪೂರ್ಣವಾಗಿ ಬದಲಾಯಿತು. ಪೋಪರ ಸ್ಥಾನದಲ್ಲಿ ಅಂತಿಯೋಕ್ಯದ ಪಿತೃಪ್ರಧಾನರೂ ಮಲಂಕರದ ಧರ್ಮಾಧ್ಯಕ್ಷರೂ ಬಂದರು. ಆಚಾರವು ಬದಲಾಗಲಿಲ್ಲ, ಸುರಿಯಾನಿ ಸಭೆಯನ್ನು ಸೇರಿಯೂ ಅವರು ತಮಗೆ ರೂಢಿಯಾಗಿದ್ದ ಲ್ಯಾಟಿನ್ ಪೂಜಾವಿಧಿಯನ್ನು ಇಟ್ಟುಕೊಂಡರು. ಮನೆಮಾತಾದ ಕೊಂಕಣಿಯೂ ಉಳಿಯಿತು. ಶ್ರದ್ಧೆಯ ಮಟ್ಟಿಗೆ ಹೇಳುವುದಾದರೆ, ಗ್ರಂಥದ ಪ್ರಕಾರ ಈ ಎರಡು ಸಭೆಗಳ ನಡುವೆ ದೊಡ್ಡ ಕಂದರವಿದೆ. ಕ್ರಿಸ್ತನ ಸ್ವಭಾವವನ್ನು ಕುರಿತು ಕ್ರಿ. ಶ. 451ರಲ್ಲಿ ಕ್ಯಾಲ್ಸಿಡನ್ನಿನ ಮಹಾಸಭೆಯು ಮಾಡಿದ ನಿರ್ಣಯವನ್ನು ರೋಮು ಒಪ್ಪುತ್ತದೆ, ಅಂತಿಯೋಕ್ಯದ ಸುರಿಯಾನಿ ಸಭೆಯು ಒಪ್ಪುವುದಿಲ್ಲ. ಆದರೆ ಗದ್ದೆಯ ಕೆಲಸ ಮಾಡಿ ಭಾನುವಾರ ಇಗರ್ಜಿಗೆ ಬರುತ್ತಿದ್ದ ಕುಟುಂಬಗಳು ಆ ನಿರ್ಣಯವನ್ನು ತೂಗಿ ನೋಡಿ ಆಜ್ಞಾಧಿಕಾರವನ್ನು ಬದಲಿಸಿದುವೆಂದು ಊಹಿಸುವುದು ಕಷ್ಟ. ತಮಗೆ ಪರಿಚಿತನಾದ ಪಾದ್ರಿ, ತಮ್ಮ ಇಗರ್ಜಿ, ತಮ್ಮ ಮಾತು, ತಮ್ಮ ಮಾನ ಇವು ಅವರ ಮುಂದಿದ್ದ ವಿಷಯಗಳೆಂದು ತಿಳಿಯುವುದೇ ಹೆಚ್ಚು ಯುಕ್ತವಾಗಿದೆ.

ಈ ಪ್ರಸಂಗವನ್ನು ಒಂದು ಪಕ್ಷದವರು ‘ಭಿನ್ನಮತ’ವೆಂದೂ ಇನ್ನೊಂದು ಪಕ್ಷದವರು ‘ಸತ್ಯವಿಶ್ವಾಸಕ್ಕೆ ಮರಳುವಿಕೆ’ಯೆಂದೂ ಕರೆಯಬಹುದು. ಇತಿಹಾಸಕಾರನ ದೃಷ್ಟಿಯಿಂದ ಎರಡು ಹೆಸರುಗಳಲ್ಲಿಯೂ ಒಂದೇ ದೋಷವಿದೆ. ಎರಡೂ ನಾಯಕರ ಮತ್ತು ಸಿಂಹಾಸನಗಳ ಕಥೆಯನ್ನು ಹೇಳುತ್ತವೆ. ಜನರು ತಮ್ಮೊಡನೆ ಏನನ್ನು ಕೊಂಡೊಯ್ದರೆಂಬುದನ್ನು ಹೇಳುವುದಿಲ್ಲ. ಅಷ್ಟೇ ಮುಖ್ಯವಾದ ಮತ್ತೊಂದು ಸಂಗತಿಯಿದೆ. ಉಳಿಸಿಕೊಂಡ ಆ ಲ್ಯಾಟಿನ್ ವಿಧಿಯು ಹಾಗೆಯೇ ಉಳಿಯಲಿಲ್ಲ. ಮುಂದಿನ ತಲೆಮಾರುಗಳಲ್ಲಿ ಸುರಿಯಾನಿ ಪದ್ಧತಿಯ ಆರಾಧನೆಯು ಕ್ರಮವಾಗಿ ಅದರ ಸ್ಥಾನಕ್ಕೆ ಬಂದಿತು. ಅಂಗೀಕಾರವು ಮೊದಲು ಬದಲಾಯಿತು, ಆಚಾರವು ನಿಧಾನವಾಗಿ ಅದನ್ನು ಹಿಂಬಾಲಿಸಿತು. ಹಳೆಯ ಆಚಾರವನ್ನು ಇಟ್ಟುಕೊಂಡೇ ಹೊಸ ಸಭೆಗೆ ಸೇರಬಹುದೇ ಎಂಬ ಪ್ರಶ್ನೆಗೆ ಬ್ರಹ್ಮಾವರವು ಕೊಡುವ ಉತ್ತರವು ‘ಹೌದು’ ಎಂಬುದೇ. ಆದರೆ ‘ಎಷ್ಟು ಕಾಲ?’ ಎಂಬ ಮರುಪ್ರಶ್ನೆಯು ಅದರ ಬೆನ್ನಿಗೇ ಬರುತ್ತದೆ.

ಬ್ರಹ್ಮಾವರದ ಕ್ರಮವು ಒಂದು ಅಪವಾದವೇನೂ ಅಲ್ಲ. ಕನ್ನಡ ನಾಡಿನ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಮತಾಂತರವು ಹೊಯ್ಸಳ ವಿಷ್ಣುವರ್ಧನನದು. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ನಾವೆಲ್ಲರೂ ಓದಿದ್ದೇವೆ. 1117ರ ಬೇಲೂರಿನ ದೇವಾಲಯವು ಆ ಕಥೆಗೆ ಕಳಶವಿಟ್ಟಂತಿದೆ. ಆದರೆ ರಾಣಿ ಶಾಂತಲೆಯು ಜೈನಳಾಗಿಯೇ ಉಳಿದು ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದಳು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠೆ ಮಾಡಿಸಿದಾಗ ಅದರ ಪ್ರಸಾದವನ್ನು ರಾಜನು ಭಕ್ತಿಯಿಂದ ಸ್ವೀಕರಿಸಿ, ಆಗತಾನೇ ದೊರೆತ ವಿಜಯದ ಮತ್ತು ಮಗನ ಜನನದ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಕಥೆಯು ‘ಬಿಟ್ಟನು’ ಎನ್ನುತ್ತದೆ. ಕಲ್ಲು ‘ಕೈಮುಗಿದನು’ ಎನ್ನುತ್ತದೆ.

ಯಾವುದನ್ನು ಇಟ್ಟುಕೊಳ್ಳಬಹುದೆಂಬುದನ್ನು ಒಮ್ಮೊಮ್ಮೆ ಮೇಲಿನವರೇ ನಿರ್ಣಯಿಸಿದ್ದುಂಟು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿಯ ಶಿಷ್ಯರು ಕ್ರೈಸ್ತರಾದ ಮೇಲೆಯೂ ಜನಿವಾರವನ್ನೂ ಶಿಖೆಯನ್ನೂ ಇಟ್ಟುಕೊಳ್ಳಬಹುದೇ ಎಂಬ ವಿವಾದವು ರೋಮಿನವರೆಗೆ ಹೋಗಿ, 1623ರಲ್ಲಿ ಪೋಪ್ 15ನೆಯ ಗ್ರೆಗರಿಯವರು ಷರತ್ತುಗಳೊಡನೆ ಅನುಮತಿಯಿತ್ತರು. ಆದರೆ 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಶಾಸನವು ಅಲ್ಲಿಯ ಕ್ರೈಸ್ತರು ಉಳಿಸಿಕೊಂಡಿದ್ದ ಮದುವೆಮುಂಜಿಗಳ, ಊಟ ಉಡುಪುಗಳ ದೇಶೀಯ ಪದ್ಧತಿಗಳನ್ನು ನಿಷೇಧಿಸಿತು. ಒಂದು ಕಡೆಯಲ್ಲಿ ದಾರವು ಲೌಕಿಕ ಚಿಹ್ನೆಯೆನಿಸಿತು, ಇನ್ನೊಂದು ಕಡೆಯಲ್ಲಿ ಅಂಗಳದ ತುಳಸಿಯೂ ಪಾಪಕ್ಕೆ ಕಾರಣವೆನಿಸಿತು. ಆಚಾರದಲ್ಲಿ ಧರ್ಮದ ಪಾಲು ಎಷ್ಟು, ಲೋಕರೂಢಿಯ ಪಾಲು ಎಷ್ಟು ಎಂಬ ಗೆರೆಯನ್ನು ಎಳೆದವನು ಸಾಮಾನ್ಯವಾಗಿ ಅಧಿಕಾರಸ್ಥನೇ ಹೊರತು ಆಚರಿಸುವವನಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ಹೀಗೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಿಡಿಯುವುದು ಶ್ರದ್ಧೆಯ ಶೈಥಿಲ್ಯವಲ್ಲವೇ? ಇದು ತಳ್ಳಿಹಾಕತಕ್ಕ ಮಾತಲ್ಲ. ಅಕ್ಬರನ ಆಸ್ಥಾನದಲ್ಲಿ ಬದಾಯೂನಿಯು ಮಾಡಿದ ಆಕ್ಷೇಪವೂ ಇದೇ. 1578ರ ಸುಮಾರಿಗೆ ನವಸಾರಿಯಿಂದ ಪಾರ್ಸಿ ಪುರೋಹಿತರು ಬಂದುದನ್ನೂ ಅರಮನೆಯಲ್ಲಿ ಅಗ್ನಿಯನ್ನು ಆರದಂತೆ ಕಾಪಾಡುವ ಕೆಲಸವು ಅಬುಲ್ ಫಜಲನಿಗೆ ಒಪ್ಪಿಸಲ್ಪಟ್ಟುದನ್ನೂ ಅವನು ಕಹಿಯಾಗಿಯೇ ಬರೆದಿದ್ದಾನೆ. ಪಾರ್ಸಿಗಳ ಪರಂಪರೆಯು ಆ ಪುರೋಹಿತರಲ್ಲಿ ದಸ್ತೂರ್ ಮೆಹರ್ಜಿ ರಾಣಾ ಅವರ ಹೆಸರನ್ನು ಗೌರವದಿಂದ ಹೇಳುತ್ತದೆ. ಅಕ್ಬರನು ಜೈನರ ಮಾತನ್ನೂ ಕೇಳಿದನು, ಜೆಸುಯಿಟರನ್ನೂ ಕರೆಸಿದನು, ಸೂರ್ಯನಿಗೂ ನಮಸ್ಕರಿಸಿದನು. ಆದರೆ ಅವನು ಚಕ್ರವರ್ತಿ. ಯಾರ ಅಂಗೀಕಾರವೂ ಅವನಿಗೆ ಬೇಕಾಗಿರಲಿಲ್ಲ. ಹೆಣವನ್ನು ಎಲ್ಲಿಗೆ ಒಯ್ಯಬೇಕು, ಮಗಳನ್ನು ಯಾರಿಗೆ ಕೊಡಬೇಕು ಎಂಬ ಚಿಂತೆಯಿರುವ ಸಾಮಾನ್ಯನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಹಳೆಯ ಆಚಾರವನ್ನು ಬಿಡದಿದ್ದರೆ ಅದು ಶೈಥಿಲ್ಯವೇ ಆಗಬೇಕೆಂದಿಲ್ಲ. ಹಿರಿಯರ ಋಣವೆಂದು ನಾಗನಿಗೆ ಹಾಲೆರೆಯುವವನ ಮನಸ್ಸಿನಲ್ಲಿ ಶ್ರದ್ಧೆಯೂ ಇರಬಹುದು, ಕೃತಜ್ಞತೆಯೂ ಇರಬಹುದು, ಭಯವೂ ಇರಬಹುದು. ಇವನ್ನು ಹೊರಗಿನಿಂದ ಅಳೆಯುವ ಮಾಪನವು ಇತಿಹಾಸಕಾರನಲ್ಲಿಲ್ಲ.

ನಮ್ಮ ಸಂವಿಧಾನವೂ ಈ ಭೇದವನ್ನು ಬಲ್ಲದು. 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಆಚರಿಸುವ ಹಕ್ಕನ್ನೂ ವ್ಯಕ್ತಿಗೆ ಕೊಡುತ್ತದೆ. 26ನೆಯದು ತನ್ನ ಧಾರ್ಮಿಕ ವ್ಯವಹಾರಗಳನ್ನು ತಾನೇ ನಡೆಸಿಕೊಳ್ಳುವ ಹಕ್ಕನ್ನು ಧಾರ್ಮಿಕ ಪಂಗಡಕ್ಕೆ ಕೊಡುತ್ತದೆ. ಮೊದಲಿನದರಲ್ಲಿ ಶ್ರದ್ಧೆಯೂ ಆಚಾರವೂ, ಎರಡನೆಯದರಲ್ಲಿ ಅಂಗೀಕಾರವೂ ನೆಲೆಗೊಂಡಿವೆ. ಇವೆರಡೂ ಒಬ್ಬ ಮನುಷ್ಯನ ಬಾಳಿನಲ್ಲಿ ಎದುರುಬದುರಾಗುವ ಸಂದರ್ಭಗಳಲ್ಲಿಯೇ ನಾವು ವಿಚಾರಿಸುತ್ತಿರುವ ಪ್ರಶ್ನೆಗಳು ಹುಟ್ಟುತ್ತವೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ಸೂಚನೆಯಿಷ್ಟೇ. ಯಾವುದಾದರೂ ಗ್ರಂಥದಲ್ಲಿ ‘ಮತಾಂತರಗೊಂಡರು’ ಎಂಬ ವಾಕ್ಯವು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಏನನ್ನು ನಂಬತೊಡಗಿದರು? ಏನನ್ನು ಮಾಡುತ್ತಲೇ ಉಳಿದರು? ಯಾರು ಅವರನ್ನು ತಮ್ಮವರೆಂದರು? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪರಿಸರದಲ್ಲಿ ಈ ಅಧ್ಯಯನಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಇಗರ್ಜಿಗಳ ಜ್ಞಾನಸ್ನಾನದ ಮತ್ತು ವಿವಾಹದ ಪುಸ್ತಕಗಳು, ಗೋರಿಕಲ್ಲುಗಳ ಬರೆಹಗಳು, ಬಾರ್ಕೂರಿನ ಬಸದಿಗಳ ಅವಶೇಷಗಳು, ಮುಸಲ್ಮಾನ ವರ್ತಕನ ಮನೆತನದೊಡನೆ ಸಂಬಂಧವನ್ನು ಹೇಳುವ ಬೊಬ್ಬರ್ಯನ ಐತಿಹ್ಯಗಳು, ಮನೆಮನೆಯ ಹಿರಿಯರ ನೆನಪುಗಳು ಇವೆಲ್ಲವೂ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿವೆ.

ಆ ವಿದ್ಯಾರ್ಥಿಯು ಇಂದು ಅದೇ ಪ್ರಶ್ನೆಯನ್ನು ಕೇಳಿದರೆ ನಾನು ಹೀಗೆ ಹೇಳಿಯೇನು: ‘ಜರತುಷ್ಟ್ರನ ಮಾತನ್ನು ಮೆಚ್ಚಿ ನಡೆಯುವುದಕ್ಕೆ ನಿನಗೆ ಯಾರ ಅಪ್ಪಣೆಯೂ ಬೇಕಿಲ್ಲ. ದೈವವನ್ನು ಬಿಡಬೇಕೇ ಎಂಬುದನ್ನು ಆ ಮತದ ಪ್ರತಿಜ್ಞೆಯನ್ನು ಓದಿ ನೀನೇ ನಿರ್ಣಯಿಸಬೇಕು; ಅಲ್ಲಿ ನಿಜವಾದ ತೊಡಕಿದೆ. ಅಗ್ಯಾರಿಯ ಬಾಗಿಲು ಮಾತ್ರ ನಿನ್ನ ಕೈಯಲ್ಲಿಯೂ ಇಲ್ಲ, ನನ್ನ ಕೈಯಲ್ಲಿಯೂ ಇಲ್ಲ.’ ಇದು ಮೊದಲಿನದಕ್ಕಿಂತ ಉದ್ದವಾದ ಉತ್ತರ. ತರಗತಿಯವರು ನಗುವುದಕ್ಕೆ ಇದರಲ್ಲಿ ಏನೂ ಇಲ್ಲ. ಆದರೆ ಪ್ರಶ್ನೆಯನ್ನು ಕೇಳಿದವನಿಗೆ ಅಂದೇ ಸಲ್ಲಬೇಕಾಗಿದ್ದ ಉತ್ತರವು ಇದು.